ಚವರದ ಕರಿಮರಳು ಯಾವ ಮಿಶ್ರಣ?

ಸಮರೂಪ, ಅಸಮರೂಪ ಮಿಶ್ರಣಗಳ ಪಾಠ ಬಂದಾಗ ಶಾಲೆಗಳಲ್ಲಿ ತೀರ್ಪನ್ನು ಕಣ್ಣಿಗೇ ಬಿಟ್ಟುಬಿಡುವುದು ವಾಡಿಕೆ: ಭಾಗಗಳು ಬೇರೆಬೇರೆಯಾಗಿ ಕಂಡರೆ ಅಸಮರೂಪ, ಇಲ್ಲದಿದ್ದರೆ ಸಮರೂಪ. ತಿರುವನಂತಪುರದಿಂದ ಕೊಚ್ಚಿಯತ್ತ ಕರಾವಳಿ ಹಿಡಿದು ಹೋದರೆ, ಕೊಲ್ಲಂ ದಾಟಿದ ಮೇಲೆ ಸಿಗುವ ಚವರದ ಕರಿಮರಳಿನ ಮುಂದೆ ಈ ತೀರ್ಪು ನಿಲ್ಲುವುದಿಲ್ಲ. ಬರಿಗಣ್ಣಿಗೆ ಅದು ಬರೀ ಕಪ್ಪು ಮರಳು. ಅದರೊಳಗೆ ಇಲ್ಮನೈಟ್, ರೂಟೈಲ್, ಜಿರ್ಕಾನ್, ಸಿಲಿಮನೈಟ್, ಮೊನಜೈಟ್ ಎಲ್ಲವೂ ಬೆಣಚುಕಲ್ಲಿನ ಪುಡಿಯ ಜೊತೆ ಕಲೆತಿವೆ. ಈ ಕರಾವಳಿಯ ಮೊನಜೈಟ್ 1909ರಲ್ಲಿ ಪತ್ತೆಯಾದದ್ದು ಕೂಡ ಕಡಲತೀರ ನೋಡಿದವರಿಂದಲ್ಲ. ತಿರುವಾಂಕೂರಿನಿಂದ ಹೋದ ತೆಂಗಿನ ನಾರಿಗೆ ಅಂಟಿದ್ದ ಮರಳನ್ನು ಪರೀಕ್ಷಿಸಿದ ಶೋಂಬರ್ಗ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞನಿಂದ.

ಹಾಗಾದರೆ ಕೇಳಬೇಕಾದ್ದು ಬೇರೆ: ಪ್ರತಿ ಕಣಕ್ಕೂ ಅದರದೇ ಸಂಯೋಜನೆ, ಅದರದೇ ಗುಣ ಇದೆಯೇ? ಇದ್ದರೆ ಅದು ಅಸಮರೂಪ ಮಿಶ್ರಣ, ಆ ಗುಣವನ್ನೇ ಹಿಡಿದು ಬೇರ್ಪಡಿಸಬಹುದು. ಅಕ್ಕಿಯನ್ನು ನೀರಿನಲ್ಲಿ ಗಾಳಿಸಿ ಕಲ್ಲು ತೆಗೆಯುವವರಿಗೆ ಇದು ಹೊಸದಲ್ಲ. ಬೆಣಚು ನೀರಿಗಿಂತ ಸುಮಾರು 2.65 ಪಟ್ಟು ಭಾರ, ಇಲ್ಮನೈಟ್ 4.7 ಪಟ್ಟು. ಸುರುಳಿ ತೊಟ್ಟಿಯಲ್ಲಿ ನೀರಿನೊಡನೆ ಇಳಿಯುವಾಗ ಹಗುರವಾದದ್ದು ಹೊರಅಂಚಿಗೆ ಸರಿಯುತ್ತದೆ, ಭಾರವಾದದ್ದು ಒಳಗೆ ಉಳಿಯುತ್ತದೆ. ಇಲ್ಮನೈಟನ್ನು ಅಯಸ್ಕಾಂತ ಸೆಳೆಯುತ್ತದೆ. ರೂಟೈಲ್ ಮತ್ತು ಜಿರ್ಕಾನ್ ಎರಡೂ ಅದಕ್ಕೆ ಜಗ್ಗುವುದಿಲ್ಲ. ಆದರೆ ರೂಟೈಲ್ ವಿದ್ಯುತ್ತನ್ನು ಹರಿಯಬಿಡುತ್ತದೆ, ಜಿರ್ಕಾನ್ ಬಿಡುವುದಿಲ್ಲ. ಹೆಚ್ಚಿನ ವೋಲ್ಟೇಜಿನ ಯಂತ್ರ ಅವುಗಳನ್ನು ಅಗಲಿಸುತ್ತದೆ. ಇಷ್ಟೆಲ್ಲ ಆದರೂ ಒಂದು ಕಣದ ರಾಸಾಯನಿಕ ಸ್ವಭಾವವೂ ಬದಲಾಗಿರುವುದಿಲ್ಲ.

ಹನ್ನೆರಡರ ಮಕ್ಕಳಿಗೆ ಕಣ್ಣಿನ ಸಾಕ್ಷಿ ಸಾಲದೇ ಎನ್ನಬಹುದು. ಸಾಲದು, ಆ ಸಾಕ್ಷಿಯಂತೆ ಹಾಲು ಸಮರೂಪವಾಗುತ್ತದೆ, ಸೂಕ್ಷ್ಮದರ್ಶಕದಡಿ ಅದೇ ಹಾಲಿನಲ್ಲಿ ಕೊಬ್ಬಿನ ಸಣ್ಣ ಹನಿಗಳು ತೇಲುತ್ತವೆ. ಇದಕ್ಕಿಂತ ಗಟ್ಟಿ ಆಕ್ಷೇಪ ಇನ್ನೊಂದಿದೆ: ಮೊನಜೈಟಿನ ಒಂದೇ ಕಣದಲ್ಲೂ ಸೀರಿಯಂ, ಲ್ಯಾಂಥನಂ, ಥೋರಿಯಂ ಇವೆಯಲ್ಲ, ಅದೂ ಅಸಮರೂಪವೇ? ಅಲ್ಲ. ಅವು ಅಲ್ಲಿ ಅಕ್ಕಪಕ್ಕ ಬಿದ್ದ ಕಣಗಳಲ್ಲ, ಒಂದೇ ಹರಳಿನ ಜಾಲದಲ್ಲಿ ಸ್ಥಾನ ಹಂಚಿಕೊಂಡ ಪರಮಾಣುಗಳು. ಯಾವ ಜರಡಿಯೂ ಯಾವ ಅಯಸ್ಕಾಂತವೂ ಥೋರಿಯಮ್ಮನ್ನು ಹೆಕ್ಕಲಾರದು. ಅದಕ್ಕೆಂದೇ ಕೊಚ್ಚಿಯ ಬಳಿಯ ಆಲುವಾದಲ್ಲಿ 1952ರಲ್ಲಿ ಕಾರ್ಖಾನೆ ಬಂತು. ಅಲ್ಲಿ ಮೊನಜೈಟನ್ನು ಕಾಸ್ಟಿಕ್ ಸೋಡಾದಿಂದ ಒಡೆಯಲಾಯಿತು. ಹಾಗೆಯೇ ತಿರುವನಂತಪುರದ ಕೊಚ್ಚುವೇಲಿಯಲ್ಲಿರುವ ಟ್ರಾವಂಕೂರ್ ಟೈಟಾನಿಯಂ ಪ್ರಾಡಕ್ಟ್ಸ್ ಇಲ್ಮನೈಟನ್ನು ಗಂಧಕಾಮ್ಲದಲ್ಲಿ ಕರಗಿಸಿ ಬೆಳ್ಳನೆಯ ಟೈಟಾನಿಯಂ ಡೈಆಕ್ಸೈಡ್ ತೆಗೆಯುತ್ತದೆ. ಆ ಬಿಳಿಪುಡಿ ಗೋಡೆಯ ಬಣ್ಣಕ್ಕೆ ಸೇರಿದಾಗ ಮತ್ತೆ ಅಸಮರೂಪ ಮಿಶ್ರಣವೇ: ದಿನ ಕಳೆದಂತೆ ಡಬ್ಬದ ತಳಕ್ಕೆ ಇಳಿಯುತ್ತದೆ, ಬಣ್ಣ ಬಳಿಯುವವರು ಕೋಲಿನಿಂದ ಕಲಕದೆ ಬ್ರಷ್ ಅದ್ದುವುದಿಲ್ಲ.