ಕಸುಬು ಬಲ್ಲವರಿಗೇ ಪ್ರವೇಶ: ಕಚ್‌ನ ಆದಿಪುರದಲ್ಲೊಂದು ವಿನ್ಯಾಸ ಶಾಲೆ

ಈ ಶಾಲೆಗೆ ಸೇರಲು ಪಿಯುಸಿ ಅಂಕಪಟ್ಟಿ ಬೇಡ, ಪ್ರವೇಶ ಪರೀಕ್ಷೆಗೆ ಕೋಚಿಂಗ್ ಬೇಡ, ಇಂಗ್ಲಿಷ್ ಅಂತೂ ಬೇಡವೇ ಬೇಡ. ಮನೆತನದ ಕಸುಬು ಕೈಯಲ್ಲಿರಬೇಕು, ಅಷ್ಟೆ. ಮಗ್ಗದಲ್ಲಿ ಕೂತು ನೇಯ್ದವರು, ಅಚ್ಚು ಹಿಡಿದು ಬಟ್ಟೆಗೆ ಬಣ್ಣ ಒತ್ತಿದವರು, ಗಂಟು ಕಟ್ಟಿ ಬಾಂಧಣಿ ಮಾಡಿದವರು, ಸೂಜಿ ಹಿಡಿದ ಹೆಣ್ಣುಮಕ್ಕಳು ಇಲ್ಲಿನ ವಿದ್ಯಾರ್ಥಿಗಳು. ಗುಜರಾತಿನ ಕಚ್ ಜಿಲ್ಲೆಯ ಆದಿಪುರದಲ್ಲಿರುವ ಈ ಶಾಲೆಯ ಹೆಸರು ಸೋಮೈಯಾ ಕಲಾ ವಿದ್ಯಾ.

ಆದಿಪುರ ಹಳೆಯ ಊರಲ್ಲ. ದೇಶ ಇಬ್ಭಾಗವಾದಾಗ ಸಿಂಧ್ ಬಿಟ್ಟು ಬಂದವರಿಗೆ ನೆಲೆ ಕಲ್ಪಿಸಲು ಕಚ್‌ನ ಮಹಾರಾಜರು 15,000 ಎಕರೆ ಕೊಟ್ಟರು. ಭಾಯಿ ಪ್ರತಾಪ್ ಎಂಬ ಸಿಂಧಿ ಮುಖಂಡರ ಓಡಾಟದಿಂದ ಗಾಂಧಿಧಾಮ, ಅದರ ಮಗ್ಗುಲಲ್ಲೇ ಆದಿಪುರ ತಲೆಯೆತ್ತಿದವು. ಹತ್ತಿರದಲ್ಲೇ ಕಾಂಡ್ಲಾ ಬಂದರು. ಊರು ದಾಟಿದರೆ ಒಣನೆಲ, ನಮ್ಮ ಬಯಲುಸೀಮೆಯವರಿಗೂ ಚೆನ್ನಾಗಿ ಗೊತ್ತಿರುವ ಬಳ್ಳಾರಿ ಜಾಲಿ. ಎಲ್ಲವನ್ನೂ ಕಳೆದುಕೊಂಡು ಬಂದವರು ಮತ್ತೆ ಕಟ್ಟಿಕೊಂಡ ಊರಿನಲ್ಲಿ ಇಂಥ ಶಾಲೆ ಇರುವುದು ಯೋಗ್ಯವೇ ಅನ್ನಿಸುತ್ತದೆ.

ಶಾಲೆಯ ಬೇರು, ಅದು ಆದಿಪುರದಲ್ಲಿ ಶುರುವಾದದ್ದಕ್ಕಿಂತ ಹಿಂದಿನದು. ಅಮೆರಿಕದ ಜೂಡಿ ಫ್ರೇಟರ್ ಕಚ್‌ನ ಕಸೂತಿಯನ್ನು ಅಧ್ಯಯನ ಮಾಡಲು ಬಂದವರು; 1993ರಲ್ಲಿ ಕಲಾ ರಕ್ಷಾ ಸಂಸ್ಥೆ ಕಟ್ಟಿದವರಲ್ಲಿ ಒಬ್ಬರಾದರು. ಆಗ ಎಲ್ಲೆಡೆ ನಡೆಯುತ್ತಿದ್ದ ರೀತಿ ಒಂದೇ. ಪಟ್ಟಣದಿಂದ ಡಿಸೈನರ್ ಬರುತ್ತಾರೆ, ಕಾಗದದ ಮೇಲೆ ನಕ್ಷೆ ಕೊಡುತ್ತಾರೆ, ಹಳ್ಳಿಯವರು ಅದರಂತೆ ಮಾಡಿ ಕೂಲಿ ಪಡೆಯುತ್ತಾರೆ. ಬಟ್ಟೆಯ ಮೇಲಿನ ಹೆಸರು ಮಾತ್ರ ಡಿಸೈನರದ್ದು. ತಲೆಮಾರುಗಳಿಂದ ತನ್ನ ಬುದ್ಧಿಯಿಂದಲೇ ಬಣ್ಣ, ಅಳತೆ, ಅಂದ ತೀರ್ಮಾನಿಸುತ್ತಿದ್ದವನು ಹೀಗೆ ಕೂಲಿಯಾಳಾಗುವುದನ್ನು ಫ್ರೇಟರ್ ಒಪ್ಪಲಿಲ್ಲ. ವಿನ್ಯಾಸದ ಓದು ಕುಶಲಕರ್ಮಿಗೇ ಸಿಗಲಿ ಎಂದು 2005ರಲ್ಲಿ ಕಲಾ ರಕ್ಷಾ ವಿದ್ಯಾಲಯ ಶುರುವಾಯಿತು. 2014ರಲ್ಲಿ ಸೋಮೈಯಾ ಸಂಸ್ಥೆಯ ಆಶ್ರಯದಲ್ಲಿ ಆದಿಪುರದ ಶಾಲೆ ಆರಂಭವಾದಾಗ ಅದರ ಚುಕ್ಕಾಣಿಯೂ ಅವರ ಕೈಯಲ್ಲೇ ಇತ್ತು.

ಪಾಠಕ್ರಮ ರೂಪಿಸಿದ ಬಗೆಯಲ್ಲೇ ಜಾಣತನವಿದೆ. ನೇಕಾರ ವರ್ಷಗಟ್ಟಲೆ ಮಗ್ಗ ಬಿಟ್ಟು ಹಾಸ್ಟೆಲಿನಲ್ಲಿ ಕೂತರೆ ಮನೆಯ ಒಲೆ ಉರಿಯುವುದಿಲ್ಲ. ಹಾಗಾಗಿ ವರ್ಷದಲ್ಲಿ ಎರಡೆರಡು ವಾರದ ಆರು ಅವಧಿಗಳು; ನಡುವಿನ ತಿಂಗಳುಗಳಲ್ಲಿ ಊರಿಗೆ ಹೋಗಿ, ಕಲಿತದ್ದನ್ನು ಸ್ವಂತ ಮಗ್ಗದ ಮೇಲೆ, ಸ್ವಂತ ಬಣ್ಣದ ತೊಟ್ಟಿಯಲ್ಲಿ ಪ್ರಯೋಗ ಮಾಡಿ ತರಬೇಕು. ಮೊದಲ ಪಾಠ ಬಣ್ಣದ್ದು. ಕಲ್ಲು, ಸೊಪ್ಪು, ಮಣ್ಣು ಆರಿಸಿ ತಂದು ಅವುಗಳ ಛಾಯೆಯನ್ನು ನೂಲಿನಲ್ಲಿ ಹಿಡಿಯುವುದು. ಆಮೇಲೆ ವಿನ್ಯಾಸದ ಮೂಲ ಪಾಠ: ಎಲ್ಲಿ ತುಂಬಬೇಕು, ಎಲ್ಲಿ ಖಾಲಿ ಬಿಡಬೇಕು. ಈ ಖಾಲಿ ಬಿಡುವುದು ಕಷ್ಟದ ವಿದ್ಯೆ; ಅಂಗುಲ ಅಂಗುಲಕ್ಕೂ ಚಿತ್ತಾರ ತುಂಬಿ ಬೆಳೆದ ಕೈ ಸುಮ್ಮನಿರಲು ಒಪ್ಪುವುದಿಲ್ಲ. ಮುಂದೆ ಪೇಟೆಯ ಪರಿಚಯ, ಒಂದೇ ವಿಷಯ ಹಿಡಿದು ಸಂಗ್ರಹ ರೂಪಿಸುವುದು, ಕೊನೆಗೆ ತೀರ್ಪುಗಾರರ ಮುಂದೆ ತಾನೇ ನಿಂತು ತನ್ನ ಕೆಲಸ ವಿವರಿಸುವುದು. ಗಂಡಸರಿಗೂ ಹೆಂಗಸರಿಗೂ ತರಗತಿ ಬೇರೆ ಬೇರೆ. ಘಟಿಕೋತ್ಸವಕ್ಕೆ ಫ್ಯಾಷನ್ ಶೋ ಕೂಡ ಇರುತ್ತದೆ.

ಅಜ್ರಖ್ ಎಂಬ ಅಚ್ಚುಮುದ್ರಣ ಮಾಡುವವರೂ ಇಲ್ಲಿಗೆ ಬರುತ್ತಾರೆ; ಅವರ ವಿದ್ಯೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬಟ್ಟೆಯನ್ನು ಒಗೆದು, ಅಳಲೆಕಾಯಿ ನೀರಿನಲ್ಲಿ ಅದ್ದಿ ಒಣಗಿಸುತ್ತಾರೆ. ತುಕ್ಕು ಹಿಡಿದ ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ದಿನಗಟ್ಟಲೆ ಹುಳಿಬರಿಸಿ, ಹುಣಸೆ ಬೀಜದ ಹಿಟ್ಟು ಬೆರೆಸಿ ಕುದಿಸಿದರೆ ಕಪ್ಪು ಸಿದ್ಧ. ಕೆಂಪು ಬೇಕಾದಲ್ಲಿ ಪಟಿಕ, ಬಿಳಿ ಉಳಿಯಬೇಕಾದಲ್ಲಿ ಸುಣ್ಣ ಮತ್ತು ಅಂಟು. ನೀಲಿಯ ತೊಟ್ಟಿಯಲ್ಲಿ ಮುಳುಗಿಸಿ, ಹರಿಯುವ ನೀರಿನಲ್ಲಿ ತೊಳೆದು, ಕೊನೆಗೆ ಕುದಿಸಿ ಕೆಂಪು ಬರಿಸುವ ಹೊತ್ತಿಗೆ ಹದಿನಾಲ್ಕೋ ಹದಿನಾರೋ ಹಂತಗಳಾಗಿರುತ್ತವೆ. ನೀರು ಕೆಟ್ಟರೆ ಬಣ್ಣ ಕೆಟ್ಟಿತು. 2001ರ ಜನವರಿ 26ರ ಭೂಕಂಪದ ನಂತರ ಧಮಡ್ಕಾ ಗ್ರಾಮದ ನೀರಿನಲ್ಲಿ ಕಬ್ಬಿಣದಂಶ ಹೆಚ್ಚಿದ್ದರಿಂದಲೇ ಅಜ್ರಖ್ ಮುದ್ರಿಸುವ ಅನೇಕ ಖತ್ರಿ ಕುಟುಂಬಗಳು ಊರು ಬಿಟ್ಟು, ಭುಜ್ ಹತ್ತಿರ ಅಜ್ರಖ್‌ಪುರ ಎಂಬ ಹೊಸ ಊರನ್ನೇ ಕಟ್ಟಿಕೊಂಡವು.

ಇಷ್ಟು ಬೆವರಿನ ಬಟ್ಟೆಯ ಚಿತ್ತಾರವನ್ನು ಇಂದು ಡಿಜಿಟಲ್ ಮುದ್ರಣ ಯಂತ್ರ ಕ್ಷಣದಲ್ಲಿ ನಕಲು ಮಾಡುತ್ತದೆ. ಅಂಗಡಿಯಲ್ಲಿ ಅದೂ ಅಜ್ರಖ್ ಪ್ರಿಂಟ್ ಎಂದೇ ಮಾರಾಟವಾಗುತ್ತದೆ. ಯಂತ್ರದೊಂದಿಗೆ ಬೆಲೆಯಲ್ಲಿ ಪೈಪೋಟಿ ಸಾಧ್ಯವಿಲ್ಲ. ನಕಲುಗಾರನಿಗಿಂತ ಮುಂದೆ ಹೆಜ್ಜೆ ಇಡುತ್ತ, ನಾಳೆಯ ಚಿತ್ತಾರವನ್ನು ಇವತ್ತೇ ಹುಟ್ಟಿಸಬಲ್ಲವನು ಉಳಿದುಕೊಳ್ಳುತ್ತಾನೆ. ವಿನ್ಯಾಸ ಕಲಿಯುವುದು ಕುಶಲಕರ್ಮಿಗೆ ಶೋಕಿಯಲ್ಲ, ಹೊಟ್ಟೆಪಾಡು ಎಂದು ನಾನು ಹೇಳುವುದು ಇದಕ್ಕೇ. ಅದೇ ಡಿಜಿಟಲ್ ಸಾಧನ ಅವನ ಕೈಗೆ ಬಂದರೆ ಕಥೆ ಬೇರೆ. ಒಂದು ಅಚ್ಚಿನ ಗುರುತನ್ನು ಮೊಬೈಲಿನಲ್ಲಿ ಫೋಟೊ ತೆಗೆದು, ತಿರುಗಿಸಿ, ಜೋಡಿಸಿ, ಇಡೀ ಸೀರೆಯ ಮೇಲೆ ಹೇಗೆ ಕಾಣುತ್ತದೆಂದು ಬಣ್ಣ ಕಲಸುವ ಮುಂಚೆಯೇ ನೋಡಿಕೊಳ್ಳಬಹುದು. ವಾಟ್ಸ್‌ಆ್ಯಪ್‌ನಲ್ಲಿ ಬೆಂಗಳೂರಿನ ಗ್ರಾಹಕರಿಗೆ ಮಾದರಿ ಕಳಿಸಬಹುದು, ಇನ್‌ಸ್ಟಾಗ್ರಾಮ್‌ನಲ್ಲಿ ತನ್ನದೇ ಹೆಸರಿನಿಂದ ಮಾರಬಹುದು. ಕಚ್‌ನ ಯುವ ಕುಶಲಕರ್ಮಿಗಳು ಈ ದಾರಿ ಹಿಡಿದಾಗಿದೆ.

ಹೆಣ್ಣುಮಕ್ಕಳ ತರಗತಿಯಲ್ಲಿ ಸೂಫ್ ಎಂಬ ಕಸೂತಿ ಬಲ್ಲವರಿರುತ್ತಾರೆ. ಬಟ್ಟೆಯ ಮೇಲೆ ಗೆರೆ ಎಳೆಯದೆ, ಎಳೆ ಎಣಿಸುತ್ತ, ಹಿಂಬದಿಯಿಂದ ಹೊಲಿದು ಮುಂಬದಿಯಲ್ಲಿ ತ್ರಿಕೋನಗಳ ಲೋಕ ಬಿಡಿಸುವ ವಿದ್ಯೆ ಅದು. ಎಳೆ ಎಣಿಸಿಯೇ ಗೋಪುರ, ತೇರು ಬಿಡಿಸುವ ನಮ್ಮ ಧಾರವಾಡ ಸೀಮೆಯ ಕಸೂತಿಯವರು ಇವರ ಪಕ್ಕ ಕೂತರೆ ಮಾತಿಲ್ಲದೆಯೇ ಅರ್ಥವಾದೀತು.

ಕರ್ನಾಟಕದ ಮಟ್ಟಿಗೆ ಇಂಥ ಒಡನಾಟ ಬರೀ ಕಲ್ಪನೆಯಲ್ಲ. ಸೋಮೈಯಾ ಸಮೂಹಕ್ಕೆ ಬಾಗಲಕೋಟೆ ಜಿಲ್ಲೆಯ ಸಮೀರವಾಡಿಯಲ್ಲಿ ಸಕ್ಕರೆ ಕಾರ್ಖಾನೆಯಿದೆ. ಶಾಲೆ ಕೈಗೊಂಡ ‘ಭುಜೋಡಿಯಿಂದ ಬಾಗಲಕೋಟೆಗೆ’ ಯೋಜನೆಯಲ್ಲಿ, ಆದಿಪುರದಲ್ಲಿ ಕಲಿತ ಕಚ್ ನೇಕಾರರು ನಮ್ಮ ನೇಕಾರರಿಗೆ ಮಾರ್ಗದರ್ಶಕರಾದರು. ಪಾಠ ಹೇಳಿದ್ದು ನೇಕಾರ, ಕೇಳಿದ್ದು ನೇಕಾರ. ಕಚ್‌ನ ನೇಕಾರರ ಊರಾದ ಭುಜೋಡಿಯವರು ಹಾಸಿನ ಎಳೆಗಳನ್ನು ಬೆರಳಿನಿಂದಲೇ ಎತ್ತಿ, ಹೆಚ್ಚುವರಿ ಹೊಕ್ಕು ತೂರಿಸಿ ಶಾಲಿನ ಮೇಲೆ ಚಿತ್ತಾರ ತರುವವರು. ಇಳಕಲ್ ಕಡೆಯವರು ಸೀರೆಯ ಒಡಲಿನ ಹಾಸಿನೊಂದಿಗೆ ಸೆರಗಿನ ಹಾಸನ್ನು ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುವವರು. ಕಚ್ಛಿ, ಕನ್ನಡ ಬೇರೆಯಾದರೂ ಹಾಸು ಹೊಕ್ಕಿನ ಲೆಕ್ಕ ಇಬ್ಬರದೂ ಒಂದೇ.

ನಮ್ಮಲ್ಲಿ ಇಳಕಲ್ ಸೀರೆಯಿದೆ, ಗುಳೇದಗುಡ್ಡದ ಖಣವಿದೆ, ಮೊಳಕಾಲ್ಮೂರಿನ ರೇಷ್ಮೆಯಿದೆ. ಬೆಂಗಳೂರಿನಲ್ಲಿ ಹೆಸರಾಂತ ವಿನ್ಯಾಸ ಕಾಲೇಜುಗಳೂ ಇವೆ. ಆದರೆ ನೇಕಾರರ ಮನೆಯ ಮಕ್ಕಳಿಗೆ ಅಲ್ಲಿನ ಶುಲ್ಕವೂ ದೂರ, ಭಾಷೆಯೂ ದೂರ. ಕೈಮಗ್ಗ ಇಲಾಖೆ, ವಿಶ್ವವಿದ್ಯಾಲಯಗಳು, ನೇಕಾರರ ಸಹಕಾರ ಸಂಘಗಳು ಒಂದಾಗಿ ಆದಿಪುರಕ್ಕೆ ಹೋಗಿ ನೋಡಿ ಬರಬೇಕು. ಗುಳೇದಗುಡ್ಡದಲ್ಲೋ ಇಳಕಲ್‌ನಲ್ಲೋ, ಕನ್ನಡದಲ್ಲೇ ಪಾಠ ನಡೆಯುವ, ಮಗ್ಗ ನಿಲ್ಲಿಸದೆ ಕಲಿಯಬಹುದಾದ ಇಂಥದ್ದೊಂದು ಶಾಲೆಯನ್ನು ತೆರೆಯಲಿ.