ಕೈ ತಡೆದಳು, ಆದರೆ ಕ್ಷಮಿಸಲಿಲ್ಲ: ಒಂದು ಕಾರ್ಟೂನ್ ಕಂತು ಕಲಿಸುವ ಪಾಠ

ಮಕ್ಕಳು ನೋಡುವ ಕಾರ್ಟೂನ್ ಎಂದರೆ ಹೊಡೆದಾಟ, ಗದ್ದಲ, ಕೊನೆಗೆ ಕೆಟ್ಟವನ ಸೋಲು, ಇಷ್ಟೇ ಎಂದು ಹಿರಿಯರಾದ ನಾವು ತಿಳಿದುಕೊಂಡಿರುತ್ತೇವೆ. ಆದುದರಿಂದ ಮಕ್ಕಳ ಜೊತೆ ಕುಳಿತು ನೋಡುವ ಗೋಜಿಗೂ ಹೋಗುವುದಿಲ್ಲ. ಆದರೆ 'ಅವತಾರ್: ದಿ ಲಾಸ್ಟ್ ಏರ್‌ಬೆಂಡರ್' ಎಂಬ ಸರಣಿಯ ಒಂದು ಕಂತು ಹಿರಿಯರನ್ನೂ ಯೋಚಿಸುವಂತೆ ಮಾಡುತ್ತದೆ. ತಾಯಿಯನ್ನು ಕೊಂದವನು ಎದುರಿಗೆ ಸಿಕ್ಕಾಗ ಮಗಳು ಏನು ಮಾಡಬೇಕು? ಅವನನ್ನು ಕೊಲ್ಲದೆ ಬಿಟ್ಟರೆ ಕ್ಷಮಿಸಿದಂತೆ ಆಯಿತೇ? ಇದು ಆ ಕಂತಿನ ಪ್ರಶ್ನೆ.

ಸರಣಿಯ ಹಿನ್ನೆಲೆ

ಅಮೆರಿಕದ ಮೈಕೆಲ್ ಡಾಂಟೆ ಡಿಮಾರ್ಟಿನೊ ಮತ್ತು ಬ್ರಯಾನ್ ಕೊನಿಯೆಟ್ಸ್‌ಕೊ ಎಂಬವರು ನಿಕಲೋಡಿಯನ್ ವಾಹಿನಿಗಾಗಿ ರೂಪಿಸಿದ ಈ ಸರಣಿ 2005ರ ಫೆಬ್ರವರಿ 21ರಿಂದ 2008ರ ಜುಲೈ 19ರವರೆಗೆ ಅಲ್ಲಿ ಪ್ರಸಾರವಾಯಿತು. ಒಟ್ಟು 61 ಕಂತುಗಳು. ನೀರು, ಭೂಮಿ, ಬೆಂಕಿ, ಗಾಳಿ ಎಂಬ ನಾಲ್ಕು ಜನಾಂಗಗಳ ಕಲ್ಪಿತ ಲೋಕ ಇದರದ್ದು. ಕೆಲವರಿಗೆ ತಮ್ಮ ಜನಾಂಗದ ಮೂಲವಸ್ತುವನ್ನು ಕೈಚಳಕದಿಂದ ಆಡಿಸುವ ವಿದ್ಯೆ ಇರುತ್ತದೆ. ಈ ವಿದ್ಯೆಯ ಪಟ್ಟುಗಳನ್ನು ಚೀನಾದ ನಿಜವಾದ ಸಮರಕಲೆಗಳಿಂದಲೇ ತೆಗೆದುಕೊಳ್ಳಲಾಗಿದೆ. ನೀರಿಗೆ ತೈ ಚಿ, ಭೂಮಿಗೆ ಹಂಗ್ ಗಾರ್, ಬೆಂಕಿಗೆ ಉತ್ತರ ಶಾವೊಲಿನ್, ಗಾಳಿಗೆ ಬಾಗುವಾ.

ಬೆಂಕಿಯ ರಾಷ್ಟ್ರ ನೂರು ವರ್ಷಗಳಿಂದ ಉಳಿದವರ ಮೇಲೆ ಯುದ್ಧ ಸಾರಿದೆ. ಗಾಳಿಯ ಜನಾಂಗ ಪೂರ್ತಿ ನಾಶವಾಗಿದ್ದು, ಬದುಕಿ ಉಳಿದವನು ಆಂಗ್ ಎಂಬ ಹನ್ನೆರಡರ ಹುಡುಗನೊಬ್ಬನೇ. ಅವನ ಜೊತೆಗಾರರು ದಕ್ಷಿಣ ಧ್ರುವದ ಜಲ ಬುಡಕಟ್ಟಿನ ಕಟಾರಾ ಮತ್ತು ಅವಳ ಅಣ್ಣ ಸೊಕ್ಕಾ. ಇವರ ತಾಯಿ ಶತ್ರುಗಳ ದಾಳಿಯಲ್ಲಿ ಸತ್ತವಳು.

ಕಂತಿನ ಕಥೆ

ನಾವು ಹೇಳುತ್ತಿರುವುದು ಮೂರನೆಯ ಭಾಗದ 16ನೇ ಕಂತು, 'ದಿ ಸದರ್ನ್ ರೈಡರ್ಸ್'. ಪ್ರಸಾರವಾದದ್ದು 2008ರ ಜುಲೈ 17ರಂದು. ಎಲಿಜಬೆತ್ ವೆಲ್ಚ್ ಎಹಾಸ್ಝ್ ಬರೆದು, ಜೋಕಿಮ್ ಡೋಸ್ ಸಾಂತೋಸ್ ನಿರ್ದೇಶಿಸಿದ್ದು.

ಶತ್ರು ರಾಜನ ಮಗ ಝೂಕೊ ತನ್ನ ತಪ್ಪನ್ನು ಅರಿತು ಆಂಗ್‌ನ ಗುಂಪಿಗೆ ಬಂದು ಸೇರಿರುತ್ತಾನೆ. ಎಲ್ಲರೂ ಅವನನ್ನು ನಂಬಿದರೂ ಕಟಾರಾ ನಂಬುವುದಿಲ್ಲ. ಅದಕ್ಕೆ ಕಾರಣವೂ ಇದೆ. ಹಿಂದೊಮ್ಮೆ ಇಬ್ಬರೂ ಸೆರೆಯಲ್ಲಿದ್ದಾಗ ಅವಳು ತಾಯಿಯ ಸಾವಿನ ನೋವನ್ನು ಅವನೆದುರು ತೋಡಿಕೊಂಡಿದ್ದಳು. ಅದಾದ ಸ್ವಲ್ಪ ಹೊತ್ತಿಗೇ ಅವನು ಶತ್ರುಗಳ ಪಕ್ಷ ಸೇರಿದ್ದನು. ಈಗ ಅವಳ ವಿಶ್ವಾಸ ಗಳಿಸಲು ಝೂಕೊ ಆ ದಾಳಿ ಮಾಡಿದ ನೌಕಾಪಡೆ ಯಾವುದೆಂದು ಪತ್ತೆ ಮಾಡುತ್ತಾನೆ. ಕೊಂದವನನ್ನು ಹುಡುಕಲು ಇಬ್ಬರೂ ಹೊರಡುತ್ತಾರೆ.

ಆಂಗ್ ಇದಕ್ಕೆ ಒಪ್ಪುವುದಿಲ್ಲ. ಸೇಡು ತೀರಿಸುವವನೂ ಅದೇ ವಿಷದಿಂದ ಸಾಯುತ್ತಾನೆ ಎನ್ನುವುದು ಅವನ ವಾದ. ಅವಳು ನನಗೂ ತಾಯಿ ತಾನೇ ಎಂದ ಅಣ್ಣನಿಗೆ, ನನ್ನಷ್ಟು ನೀನು ಅವಳನ್ನು ಪ್ರೀತಿಸಲಿಲ್ಲ ಎಂದು ಕಟಾರಾ ಚುಚ್ಚುತ್ತಾಳೆ. ದುಃಖದಲ್ಲಿರುವವರು ತಮ್ಮವರನ್ನೇ ನೋಯಿಸುವುದು ನಾವು ಮನೆಮನೆಗಳಲ್ಲಿ ಕಂಡ ಸಂಗತಿ.

ಹಡಗಿನ ಮೇಲೆ ಅವಳು ನಾಯಕನ ಮೈಯ ರಕ್ತವನ್ನೇ ಹಿಡಿದು ಅವನನ್ನು ಬೊಂಬೆಯಂತೆ ಕುಣಿಸುತ್ತಾಳೆ. ಕೆಲವೇ ಕಂತುಗಳ ಹಿಂದೆ ಈ ವಿದ್ಯೆಯನ್ನು ಬಳಸಬೇಕಾಗಿ ಬಂದದ್ದಕ್ಕೆ ಅತ್ತವಳು ಇವಳೇ. ಅಷ್ಟಾದರೂ ಅವನು ತಾಯಿಯನ್ನು ಕೊಂದವನಲ್ಲ! ಹಳೆಯ ನಾಯಕ ಯಾನ್ ರಾ ನಿವೃತ್ತನಾಗಿ ನಾಲ್ಕು ವರ್ಷಗಳಾಗಿವೆ. ಸೇಡಿನ ದಾರಿಯಲ್ಲಿ ಮೊದಲ ಪೆಟ್ಟು ಬಿದ್ದದ್ದು ಬೇರೊಬ್ಬನಿಗೆ ಎಂಬುದನ್ನು ಗಮನಿಸಬೇಕು.

ಕೊನೆಗೆ ಸಿಕ್ಕವನು ರಾಕ್ಷಸನಲ್ಲ. ಮುದಿ ತಾಯಿಯಿಂದ ಬೈಸಿಕೊಳ್ಳುತ್ತಾ, ಬುಟ್ಟಿ ಹಿಡಿದು ಸಂತೆಗೆ ಹೋಗುವ ಒಬ್ಬ ಮುದುಕ. ಊರಿನ ಕೊನೆಯ ಜಲವಿದ್ಯೆಯವರು ಯಾರೆಂದು ಕೇಳಿದಾಗ ಆ ತಾಯಿ ತಾನೇ ಎಂದು ಹೇಳಿ ಪ್ರಾಣ ಕೊಟ್ಟಿದ್ದಳು. ನಿಜವಾಗಿ ಆ ವಿದ್ಯೆ ಇದ್ದದ್ದು ಮಗಳಲ್ಲಿ. ಸುರಿಯುವ ಮಳೆಯನ್ನು ಕಟಾರಾ ಆಕಾಶದಲ್ಲೇ ನಿಲ್ಲಿಸುತ್ತಾಳೆ, ಹನಿಗಳನ್ನು ಹಿಮದ ಚೂರಿಗಳಾಗಿಸಿ ಎಸೆಯುತ್ತಾಳೆ, ಅವನ ಮೈಗೆ ತಾಗುವ ಮೊದಲೇ ತಡೆಯುತ್ತಾಳೆ. ಅವನೋ ಪಶ್ಚಾತ್ತಾಪ ಪಡುವುದಿಲ್ಲ. ಬದಲಿಗೆ ನನ್ನ ತಾಯಿಯನ್ನು ಕೊಂದು ಲೆಕ್ಕ ಚುಕ್ತಾ ಮಾಡಿಕೋ ಎನ್ನುತ್ತಾನೆ! ಅವಳು ಅವನನ್ನು ಅಲ್ಲಿಯೇ ಬಿಟ್ಟು ನಡೆಯುತ್ತಾಳೆ.

ಕ್ಷಮೆ ಯಾರಿಗೆ?

ಇಲ್ಲಿಗೆ ಕಥೆ ಮುಗಿದಿದ್ದರೆ ಇದೊಂದು ಸಾಮಾನ್ಯ ನೀತಿಕಥೆಯಾಗುತ್ತಿತ್ತು. ಆದರೆ ಕ್ಷಮಿಸಿದ್ದಕ್ಕಾಗಿ ಆಂಗ್ ಅವಳನ್ನು ಮೆಚ್ಚಿಕೊಂಡಾಗ ಅವಳು ತಿದ್ದುತ್ತಾಳೆ: ತಾನು ಅವನನ್ನು ಕ್ಷಮಿಸಿಲ್ಲ, ಎಂದಿಗೂ ಕ್ಷಮಿಸುವುದಿಲ್ಲ. ಕೊಲ್ಲದೆ ಬಿಟ್ಟದ್ದು ತನ್ನ ದೌರ್ಬಲ್ಯವೋ ಶಕ್ತಿಯೋ ಎಂದೂ ಅವಳಿಗೆ ಗೊತ್ತಿಲ್ಲ. ಆದರೆ ಝೂಕೊವನ್ನು ಕ್ಷಮಿಸಲು ಸಿದ್ಧಳಿದ್ದೇನೆ ಎಂದು ಅವನನ್ನು ಅಪ್ಪಿಕೊಳ್ಳುತ್ತಾಳೆ.

ಸೇಡು ಬಿಡುವುದು, ಕ್ಷಮಿಸುವುದು, ರಾಜಿಯಾಗುವುದು, ಈ ಮೂರನ್ನು ನಾವು ಹೆಚ್ಚಾಗಿ ಒಂದೇ ಮಾಡಿಬಿಡುತ್ತೇವೆ. ಈ ಕಂತು ಅವುಗಳನ್ನು ಬಿಡಿಸಿ ತೋರಿಸುತ್ತದೆ. ಕೈ ತಡೆಯುವುದು ಅವಳೊಬ್ಬಳ ನಿರ್ಧಾರ. ಅದು ಆ ದಿನವೇ ಸಾಧ್ಯವಾಯಿತು. ರಾಜಿಯಾಗಲು ಎದುರಿನವನೂ ಬದಲಾಗಿರಬೇಕು. ಝೂಕೊ ಬದಲಾಗಿದ್ದನು, ಯಾನ್ ರಾ ಬದಲಾಗಿರಲಿಲ್ಲ. ಇನ್ನು ಮನಸ್ಸಿನ ಕ್ಷಮೆಗೆ ಕಾಲ ಬೇಕು. ಅವಳ ಬಾಯಿಂದ ಅದನ್ನು ಬಲವಂತವಾಗಿ ಹೇಳಿಸದ ಪ್ರಾಮಾಣಿಕತೆ ಈ ಕಂತಿನಲ್ಲಿದೆ.

ಸಾವಿನ ಮನೆಗೆ, ಒಡೆದ ಸಂಸಾರಗಳಿಗೆ ಭೇಟಿ ಕೊಡುವ ನಾವು ಇಲ್ಲಿ ನಮ್ಮನ್ನೇ ಕೇಳಿಕೊಳ್ಳಬೇಕು. ನೊಂದವರು ಇನ್ನೂ ಅಳುತ್ತಿರುವಾಗಲೇ 'ಕ್ಷಮಿಸಿಬಿಡು' ಎಂದು ಎಷ್ಟು ಸಲ ಅವಸರಪಡಿಸಿಲ್ಲ? ಹಾಗೆ ಹೇಳಿಸಿದ ಮಾತು ಅವರ ಗಾಯವನ್ನು ಮುಚ್ಚುತ್ತದೆ, ಮಾಯಿಸುವುದಿಲ್ಲ. ಆಂಗ್ ಮಾಡಿದ್ದನ್ನು ನೋಡಿ. ಅವನು ತನ್ನ ಮಾತನ್ನು ಸ್ಪಷ್ಟವಾಗಿ ಹೇಳಿದನು. ಆದರೆ ರಾತ್ರಿ ಅವಳು ತನ್ನ ಹಾರುವ ಕಾಡುಕೋಣವನ್ನು ಕೊಂಡೊಯ್ಯಲು ಬಂದಾಗ ತಡೆಯಲಿಲ್ಲ. ಆ ಮನುಷ್ಯನನ್ನು ಎದುರಿಸು, ಕೋಪ ಹೊರಗೆ ಬರಲಿ, ಆಮೇಲೆ ಅದನ್ನು ಹೋಗಲು ಬಿಡು ಎಂದು ಕಳುಹಿಸಿಕೊಟ್ಟನು. ಸತ್ಯವನ್ನು ಹೇಳುವುದು, ಆಮೇಲೆ ವ್ಯಕ್ತಿಯನ್ನು ನಂಬುವುದು, ಎರಡೂ ಬೇಕು.

ಕಂತಿನ ಕೊನೆಯಲ್ಲಿ ಝೂಕೊ ಆಂಗ್‌ಗೆ ಒಂದು ಪ್ರಶ್ನೆ ಹಾಕುತ್ತಾನೆ: ಹಿಂಸೆ ಬೇಡವೆಂದಾದರೆ ನನ್ನ ತಂದೆಯನ್ನು ಎದುರಿಸುವಾಗ ನೀನೇನು ಮಾಡುವೆ? ಆಂಗ್ ಉತ್ತರಿಸುವುದಿಲ್ಲ. ಎರಡು ದಿನಗಳ ನಂತರ ಪ್ರಸಾರವಾದ ಅಂತಿಮ ಕಂತುಗಳಲ್ಲಿ ಅವನು ಆ ರಾಜನನ್ನು ಕೊಲ್ಲದೆ ಅವನ ಬೆಂಕಿಯ ವಿದ್ಯೆಯನ್ನು ಮಾತ್ರ ಕಿತ್ತುಕೊಳ್ಳುತ್ತಾನೆ. ಪರರಿಗೆ ಉಪದೇಶ ಹೇಳಿದವನು ಅದನ್ನು ತಾನೂ ಪಾಲಿಸಿ ತೋರಿಸಬೇಕಾಯಿತು.

ತಂದೆತಾಯಂದಿರೂ ಶಿಕ್ಷಕರೂ ಈ ಕಂತನ್ನು ಮಕ್ಕಳ ಜೊತೆ ಕುಳಿತು ನೋಡುವುದು ಒಳ್ಳೆಯದು. ತಾಯಿಯ ಕೊಲೆಯನ್ನು ಕಣ್ಣೆದುರು ತೋರಿಸಿಲ್ಲವಾದರೂ ವಿಷಯ ಭಾರವಾದದ್ದು. ತೀರಾ ಚಿಕ್ಕವರಿಗೆ ಬೇಡ. ನೋಡಿದ ಮೇಲೆ ಉಪದೇಶಕ್ಕೆ ಇಳಿಯದೆ ಒಂದೇ ಪ್ರಶ್ನೆ ಕೇಳಿ: ಕಟಾರಾಳ ಜಾಗದಲ್ಲಿ ನೀನಿದ್ದರೆ ಏನು ಮಾಡುತ್ತಿದ್ದೆ? ಆಮೇಲೆ ಮಕ್ಕಳು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳೋಣ.