ಪೇಮೆಂಟ್ ಗೇಟ್‌ವೇ ತೆಗೆದುಹಾಕುವ ಮುನ್ನ

ಆನೇಮಹಲ್, ಸಕಲೇಶಪುರ, ಆಲೂರಿನ ಗುಡ್ಡಗಳಲ್ಲಿ ಬೆಳೆದ ಕಾಫಿ, ಮೆಣಸು, ಏಲಕ್ಕಿಯನ್ನು ಇಂದು ಬೆಳೆಗಾರರೇ ಪೊಟ್ಟಣ ಕಟ್ಟಿ, ಸ್ವಂತ ಆನ್‌ಲೈನ್ ಅಂಗಡಿಯಿಂದ ದೇಶದ ಯಾವ ಊರಿಗಾದರೂ ಕಳಿಸಬಹುದು. ಗ್ರಾಹಕರಿಂದ ಹಣ ಪಡೆದು ಅದನ್ನು ಬೆಳೆಗಾರರ ಖಾತೆಗೆ ಸೇರಿಸುವ ಕೆಲಸ ಪೇಮೆಂಟ್ ಗೇಟ್‌ವೇ ಕಂಪನಿಯದು. ಅದನ್ನು ಬದಲಿಸಬೇಕಾದ ಸಂದರ್ಭ ಎಂದಾದರೂ ಬರುತ್ತದೆ. 2020ರ ಮಾರ್ಚ್ 5ರಂದು ರಿಸರ್ವ್ ಬ್ಯಾಂಕ್ ಯೆಸ್ ಬ್ಯಾಂಕಿನ ಮೇಲೆ ನಿರ್ಬಂಧ ಹೇರಿದಾಗ, ಅದನ್ನೇ ನೆಚ್ಚಿಕೊಂಡಿದ್ದ ಬೆಂಗಳೂರಿನ ಫೋನ್‌ಪೇ ಸೇವೆ ರಾತ್ರೋರಾತ್ರಿ ನಿಂತುಹೋಯಿತು. ಐಸಿಐಸಿಐ ಬ್ಯಾಂಕಿನ ನೆರವಿನಿಂದ ಮತ್ತೆ ಎದ್ದಿತು. 2024ರಲ್ಲಿ ಪೇಟಿಎಂ ಪೇಮೆಂಟ್ಸ್ ಬ್ಯಾಂಕಿನ ಖಾತೆಗಳಿಗೆ ಮಾರ್ಚ್ 15ರ ನಂತರ ಹೊಸದಾಗಿ ಹಣ ಹಾಕುವಂತಿರಲಿಲ್ಲ. ಆ ಖಾತೆಗೆ ಹಣ ತರಿಸಿಕೊಳ್ಳುತ್ತಿದ್ದ ವ್ಯಾಪಾರಿಗಳು ಬೇರೆ ಬ್ಯಾಂಕ್ ನೋಡಿಕೊಳ್ಳಬೇಕಾಯಿತು. ಹೊಸ ಗೇಟ್‌ವೇ ಜೋಡಿಸಲು ಬೇಕಾದಷ್ಟು ಮಾರ್ಗದರ್ಶನ ಸಿಗುತ್ತದೆ. ಹಳೆಯದನ್ನು ತೆಗೆಯುವ ಸಲಕರಣೆಗೆ ಮಾತ್ರ ಎಷ್ಟೋ ಸಲ ಒಂದೆರಡು ಸಾಲಿನ ವಿವರಣೆ: ಹೆಸರು ಆರಿಸಿ, ಡಿಲೀಟ್ ಒತ್ತಿ. ಡಿಲೀಟ್ ಒತ್ತಿದ ಮೇಲೂ ಏನೇನು ಉಳಿಯಲೇಬೇಕು ಎಂಬುದನ್ನು ಆ ಸಲಕರಣೆಯ ಕೈಪಿಡಿ ಎಲ್ಲಕ್ಕಿಂತ ಮೊದಲು ಹೇಳಬೇಕು ಎಂಬುದು ನನ್ನ ವಾದ.

ಏಕೆಂದರೆ ಪಾವತಿ ಒಂದು ಕ್ಷಣಕ್ಕೆ ಮುಗಿಯುವ ವ್ಯವಹಾರವಲ್ಲ. ಗ್ರಾಹಕರು ಯುಪಿಐ ಪಿನ್ ಒತ್ತಿದ ಕೂಡಲೇ ಅವರ ಬ್ಯಾಂಕು, ಯುಪಿಐ ನಡೆಸುವ ಎನ್‌ಪಿಸಿಐ, ಗೇಟ್‌ವೇಯ ಬ್ಯಾಂಕು ಇವುಗಳ ನಡುವೆ ಸಂದೇಶಗಳು ಓಡಾಡುತ್ತವೆ. ಕಡೆಗೆ ಗೇಟ್‌ವೇಯ ಸರ್ವರ್ 'ಹಣ ಬಂತು' ಎಂದು ಅಂಗಡಿಯ ಸರ್ವರ್‌ಗೆ ತಿಳಿಸುತ್ತದೆ. ಆ ಸಂದೇಶ ಅಸಲಿಯೋ ನಕಲಿಯೋ ಎಂದು ಅಂಗಡಿ ಪರೀಕ್ಷಿಸುವುದು ಇಬ್ಬರಲ್ಲಿ ಮಾತ್ರ ಇರುವ ಗುಪ್ತ ಕೀಲಿಯಿಂದ. ಹಣ ದಾರಿಯಲ್ಲಿರುವಾಗಲೇ ಕೀಲಿ ಅಳಿಸಿದರೆ, ನಿಜವಾದ ಸಂದೇಶವನ್ನೂ ಅಂಗಡಿ ತಿರಸ್ಕರಿಸುತ್ತದೆ: ಗ್ರಾಹಕರ ಖಾತೆಯಿಂದ ಹಣ ಹೋಗಿರುತ್ತದೆ, ಆರ್ಡರ್ ಮಾತ್ರ 'ಬಾಕಿ' ಎಂದೇ ತೋರಿಸುತ್ತದೆ. ಯುಪಿಐನಲ್ಲಿ ಹಣ ಕಡಿತವಾಗಿ ವ್ಯಾಪಾರಿಗೆ ಖಾತ್ರಿ ಸಿಗದಿದ್ದರೆ 5 ದಿನಗಳೊಳಗೆ ತಾನಾಗಿ ಮರಳಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂಬುದು ರಿಸರ್ವ್ ಬ್ಯಾಂಕಿನ 2019ರ ನಿಯಮ. ವೀಸಾ, ಮಾಸ್ಟರ್‌ಕಾರ್ಡ್‌ಗಳಲ್ಲಿ ಹಲವು ಬಗೆಯ ತಕರಾರುಗಳಿಗೆ 120 ದಿನಗಳ ಅವಕಾಶವಿದೆ. ಜಿಎಸ್‌ಟಿ ಕಾಯ್ದೆಯ ಪ್ರಕಾರ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಕೆಯ ಕಡೆಯ ದಿನದಿಂದ 72 ತಿಂಗಳು ಕಾಪಾಡಬೇಕು. ಕೆಲವು ದಿನ, ನಾಲ್ಕು ತಿಂಗಳು, ಆರು ವರ್ಷ: ಇಷ್ಟು ಬೇರೆಬೇರೆ ಅವಧಿಗಳನ್ನು ಒಂದೇ ಬಟನ್ ಒಂದೇ ಏಟಿಗೆ ಕತ್ತರಿಸಲು ಹೊರಟಿರುತ್ತದೆ.

ಇದು ಊಹೆಯ ಅಪಾಯವಲ್ಲ. ವೂಕಾಮರ್ಸ್ ಎಂಬ ತಂತ್ರಾಂಶದಿಂದ ಕಟ್ಟಿದ ಅಂಗಡಿಯಲ್ಲಿ ಗೇಟ್‌ವೇಯನ್ನು ಜೋಡಿಸುವ ಪ್ಲಗಿನ್ ಕಿತ್ತುಹಾಕಿದರೆ, ಅದರ ಮೂಲಕ ಬಂದ ಹಳೆಯ ಆರ್ಡರ್‌ಗಳಿಗೆ ಅಂಗಡಿಯಿಂದಲೇ ಹಣ ಹಿಂತಿರುಗಿಸುವ ದಾರಿ ಮುಚ್ಚುತ್ತದೆ. ಗೇಟ್‌ವೇಯ ಜಾಲತಾಣಕ್ಕೆ ಹೋಗಿ ಒಂದೊಂದಾಗಿ ಮಾಡಬೇಕು. ಅಂಥದ್ದೇ ಇನ್ನೊಂದು ತಂತ್ರಾಂಶವಾದ ಮಜೆಂಟೊದಲ್ಲಿ ಪಾವತಿ ವಿಧಾನದ ಕೋಡ್ ಅಳಿಸಿದ ಮೇಲೆ ಹಳೆಯ ಆರ್ಡರ್ ತೆರೆಯಹೋದರೆ 'ಕೇಳಿದ ಪಾವತಿ ವಿಧಾನ ಲಭ್ಯವಿಲ್ಲ' ಎಂಬ ದೋಷ ಎದುರಾಗುವುದು ಡೆವಲಪರ್‌ಗಳಿಗೆ ಚಿರಪರಿಚಿತ. ಪ್ರತಿ ಆರ್ಡರಿನ ದಾಖಲೆಯಲ್ಲೂ ಗೇಟ್‌ವೇಯ ಗುರುತು ಬರೆದಿರುತ್ತದೆ. ಗುರುತು ಉಳಿದು, ಅದು ತೋರಿಸುವ ವಸ್ತು ಇಲ್ಲವಾದಾಗ ತಂತ್ರಾಂಶ ಕಂಗಾಲಾಗುತ್ತದೆ. ಸಿಲ್ವರ್ ಓಕ್ ಮರ ಕಡಿಯುವ ಮುನ್ನ ಅದನ್ನು ಹಬ್ಬಿದ ಮೆಣಸಿನ ಬಳ್ಳಿಯನ್ನು ನೋಡದ ಬೆಳೆಗಾರರು ಈ ಸೀಮೆಯಲ್ಲಿ ಸಿಗಲಾರರು. ತಂತ್ರಾಂಶದಲ್ಲಿ ಆ ಬಳ್ಳಿ ಕಣ್ಣಿಗೆ ಬೀಳುವುದಿಲ್ಲ, ಹಾಗಾಗಿ ಕೈಪಿಡಿಯೇ ಬೆರಳು ಮಾಡಿ ತೋರಿಸಬೇಕು.

ಹಾಗಾದರೆ ಹಳೆಯದನ್ನು ತೆಗೆಯದೆ ಸುಮ್ಮನೆ ಬಿಟ್ಟರಾಗದೇ ಎಂದು ಕೇಳಬಹುದು. ಆಗದು. ಯಾರೂ ಗಮನಿಸದ, ಅಪ್‌ಡೇಟ್ ಕಾಣದ ಪ್ಲಗಿನ್ ಕಳ್ಳರಿಗೆ ತೆರೆದ ಬಾಗಿಲು. ಬಳಕೆಯಲ್ಲಿಲ್ಲದ ಕೀಲಿ ಸೋರಿದರೆ ಗೊತ್ತಾಗುವುದೂ ತಡವಾಗಿಯೇ. ನಡುವಿನ ದಾರಿ ಇದೆ: ಮೊದಲು ಹೊಸ ಪಾವತಿಗೆ ಬಾಗಿಲು ಮುಚ್ಚಿ, ದಾರಿಯಲ್ಲಿರುವ ಹಣ, ರೀಫಂಡ್, ತಕರಾರು ಇತ್ಯರ್ಥವಾಗುವವರೆಗೆ ಹಳೆಯ ಸಂಪರ್ಕ ಕಾಯ್ದು, ಆಮೇಲೆ ಕೀಲಿ ರದ್ದು ಮಾಡಿ, ಆರ್ಡರಿನ ದಾಖಲೆಯನ್ನು ಮಾತ್ರ ಎಂದೂ ಮುಟ್ಟದಿರುವುದು. ಒಳ್ಳೆಯ ಸಲಕರಣೆಯಾದರೆ ಇದನ್ನೆಲ್ಲ ತಾನೇ ಮಾಡಬೇಕಲ್ಲವೇ, ಕೈಪಿಡಿ ಏಕೆ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಬಾಕಿ ಪಾವತಿಗಳಿದ್ದರೆ ಅಳಿಸಲು ನಿರಾಕರಿಸುವುದನ್ನು ಸಲಕರಣೆಗೆ ಖಂಡಿತ ಕಲಿಸಬಹುದು, ಕಲಿಸಲೂಬೇಕು. ಆದರೆ ಮುಂದಿನ ತಿಂಗಳು ಯಾರು ರೀಫಂಡ್ ಕೇಳುತ್ತಾರೆ, ಯಾರು ಬ್ಯಾಂಕಿಗೆ ತಕರಾರು ಸಲ್ಲಿಸುತ್ತಾರೆ ಎಂಬುದು ಅದಕ್ಕೆ ತಿಳಿಯದು. ಎಷ್ಟು ಕಾಲ ಕಾಯಬೇಕೆಂಬ ತೀರ್ಮಾನ ಮನುಷ್ಯರದು, ಅದಕ್ಕೆ ಬೇಕಾದ ಮಾಹಿತಿ ಕೈಪಿಡಿಯಲ್ಲಿಯೇ ಸಿಗಬೇಕು. ದೊಡ್ಡ ಕಂಪನಿಗಳಲ್ಲಿ ಇದನ್ನು ನೋಡಿಕೊಳ್ಳಲು ಎಂಜಿನಿಯರುಗಳ ತಂಡವೇ ಇರುತ್ತದೆ. ಪ್ಯಾಕಿಂಗ್, ಕೊರಿಯರ್, ಲೆಕ್ಕ ಎಲ್ಲವನ್ನೂ ಒಬ್ಬರೇ ನೋಡಿಕೊಳ್ಳುವ ತೋಟದ ಅಂಗಡಿಗೆ ಆ ತಂಡದ ಜಾಗದಲ್ಲಿರುವುದು ಕೈಪಿಡಿ ಮಾತ್ರ. ಅದು ಕನ್ನಡದಲ್ಲೂ ಇರಬೇಕೆನ್ನಲು ಇದಕ್ಕಿಂತ ಬೇರೆ ಕಾರಣ ಬೇಡ.

ಮಲೆನಾಡಿನಲ್ಲಿ ಇನ್ನೊಂದು ವಿಷಯವನ್ನೂ ಕೈಪಿಡಿ ಬಿಡುವಂತಿಲ್ಲ. ಜೂನ್‌ನಿಂದ ಮಳೆ ಹಿಡಿದರೆ ಕರೆಂಟು, ನೆಟ್‌ವರ್ಕ್ ಯಾವಾಗ ಬೇಕಾದರೂ ಹೋಗಬಹುದು, ತೆಗೆಯುವ ಕೆಲಸ ಅರ್ಧಕ್ಕೆ ನಿಲ್ಲಬಹುದು. ಅದೇ ಆಜ್ಞೆಯನ್ನು ಎರಡನೇ ಸಲ ಕೊಟ್ಟರೂ ಫಲಿತಾಂಶ ಒಂದೇ ಆಗಿರುವಂತೆ ಸಲಕರಣೆಯನ್ನು ಕಟ್ಟಲು ಸಾಧ್ಯ. ಪಾವತಿ ವ್ಯವಸ್ಥೆಗಳಲ್ಲಿ ಒಂದೇ ಹಣ ಎರಡು ಸಲ ಕಡಿತವಾಗದಂತೆ ತಡೆಯುವುದೂ ಇದೇ ತತ್ತ್ವ. ಹಾಗೆ ಕಟ್ಟಿದ್ದರೆ, ಮಧ್ಯೆ ನಿಂತಾಗ ಹೆದರದೆ ಮತ್ತೆ ಓಡಿಸಿ ಎಂದು ಬರೆಯಬೇಕು. ಕಟ್ಟಿಲ್ಲದಿದ್ದರೆ, ಮತ್ತೆ ಒತ್ತುವ ಮೊದಲು ಯಾವ ಹಂತದವರೆಗೆ ಕೆಲಸ ಆಗಿದೆಯೆಂದು ಎಲ್ಲಿ ನೋಡಬೇಕು ಎಂಬುದನ್ನು ಡಿಲೀಟ್ ಬಟನ್ನಿನ ಚಿತ್ರಕ್ಕಿಂತ ಮೇಲೆಯೇ ಬರೆಯಬೇಕು.